ಡಬ್ಬಿಯ ಮುಚ್ಚಳ ತೆರೆದ ಮೇಲೆ: ಕೈಗಾರಿಕಾ ಪೇಂಟ್ ರಸಾಯನತಜ್ಞನ ಕೆಲಸ

ಪೇಂಟ್ ಕಾರ್ಖಾನೆ ಮಾರುವುದು ಅರ್ಧ ತಯಾರಾದ ಸರಕನ್ನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಂದು ನಾನು ಆಡಲಿರುವ ಮಾತುಗಳೆಲ್ಲ ಇದರ ಸುತ್ತಲೇ ಇವೆ. ಉಕ್ಕಿನ ಕಾರ್ಖಾನೆಯಿಂದ ಹೊರಬೀಳುವ ತಗಡು ಪೂರ್ತಿ ತಯಾರಾದ ತಗಡು. ಗಾಜಿನ ಕಾರ್ಖಾನೆಯ ಗಾಜೂ ಹಾಗೆಯೇ. ಡಬ್ಬಿಯಲ್ಲಿರುವ ದ್ರವವಾದರೋ ಇನ್ನೂ ಏನನ್ನೂ ಕಾಪಾಡುವ ಸ್ಥಿತಿಯಲ್ಲಿಲ್ಲ. ಅದನ್ನು ಯಾರೋ ಕಲಕಬೇಕು, ಹದಕ್ಕೆ ತರಬೇಕು, ಬ್ರಷ್ಷಿನಿಂದಲೋ ಸ್ಪ್ರೇ ಗನ್ನಿನಿಂದಲೋ ಹಚ್ಚಬೇಕು. ಆಮೇಲೆ ಅದು ಬಯಲಿನ ಗಾಳಿಯಲ್ಲೋ ಓವನ್ನಿನ ಶಾಖದಲ್ಲೋ ಗಟ್ಟಿಯಾಗಿ ಪದರವಾಗಬೇಕು. ಆ ಪದರ ಹುಟ್ಟುವ ಹೊತ್ತಿನಲ್ಲಿ ರಸಾಯನತಜ್ಞ ಅಲ್ಲಿರುವುದಿಲ್ಲ. ಹಚ್ಚುವವನ ಕೈ, ಆ ದಿನದ ಹವೆ, ಅಡಿಯಲ್ಲಿರುವ ಲೋಹದ ಸ್ಥಿತಿ, ಯಾವುದೂ ಅವನ ಹತೋಟಿಯಲ್ಲಿಲ್ಲ. ಆದರೂ ಐದು ವರ್ಷಗಳ ನಂತರ ಪದರ ಸಿಪ್ಪೆ ಎದ್ದರೆ ದೂರು ಬರುವುದು ಅವನ ಮೇಜಿಗೇ. ಬರಬೇಕಾದದ್ದೂ ಅಲ್ಲಿಗೇ ಎಂದು ನಾನು ನಂಬಿದ್ದೇನೆ.

ನನ್ನ ವೃತ್ತಿಜೀವನ ಕಳೆದದ್ದು ಕೈಗಾರಿಕಾ ಪೇಂಟುಗಳ ಪ್ರಯೋಗಾಲಯದಲ್ಲಿ. ಸೇತುವೆ, ಹಡಗು, ಟ್ಯಾಂಕು, ಯಂತ್ರ, ವಾಹನ ಇವುಗಳಿಗೆ ಹಚ್ಚುವ ಲೇಪನಗಳು ನಮ್ಮ ಕ್ಷೇತ್ರ. ಹೊಸದಾಗಿ ಪರಿಚಯವಾದವರು ‘ಬಣ್ಣ ಬೆರೆಸುವ ಕೆಲಸವೇ?’ ಎಂದು ಕೇಳುತ್ತಾರೆ. ಅದೂ ಇದೆ, ಆದರೆ ಬಣ್ಣ ನಮ್ಮ ಕೆಲಸದ ಒಂದು ಮೂಲೆ ಮಾತ್ರ. ಒಂದು ಕಾರಿನ ಮೇಲಿರುವ ಎಲ್ಲ ಪದರಗಳನ್ನೂ ಸೇರಿಸಿ ಅಳೆದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ ಬರುತ್ತದೆ. ಬಿಸಿಲು, ಮಳೆ, ಉಪ್ಪು, ಕಲ್ಲಿನೇಟು ಎಲ್ಲವನ್ನೂ ಆ ಉಕ್ಕಿನ ಪರವಾಗಿ ತಾಳಿಕೊಳ್ಳುವುದು ಅಷ್ಟು ತೆಳುವಾದ ಪದರ. ಅದನ್ನು ಕಟ್ಟುವುದು ನಮ್ಮ ಕೆಲಸ.

ಯಾವ ಪೇಂಟನ್ನೇ ತೆಗೆದುಕೊಳ್ಳಿ, ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಪದಾರ್ಥಗಳಿರುತ್ತವೆ. ಪದರವನ್ನು ಕಟ್ಟಿ ನಿಲ್ಲಿಸುವ ರಾಳ, ಅಂದರೆ ರೆಸಿನ್. ಬಣ್ಣವನ್ನೂ ಮುಚ್ಚುವ ಶಕ್ತಿಯನ್ನೂ ಕೊಡುವ ಪಿಗ್ಮೆಂಟ್ ಪುಡಿ. ಇವೆರಡನ್ನೂ ಹಚ್ಚುವ ಹದಕ್ಕೆ ತಂದು ಆಮೇಲೆ ಆವಿಯಾಗಿ ಹೋಗುವ ದ್ರಾವಕ. ಕೊನೆಯದಾಗಿ, ನೊರೆ ಏಳದಂತೆ, ಪುಡಿ ತಳ ಹಿಡಿಯದಂತೆ, ಮೇಲ್ಮೈ ಸಮನಾಗಿ ಹರಡುವಂತೆ ಅತ್ಯಲ್ಪ ಪ್ರಮಾಣದಲ್ಲಿ ಸೇರಿಸುವ ಸಹಾಯಕ ದ್ರವ್ಯಗಳು. ಒಂದನ್ನು ಮುಟ್ಟಿದರೆ ಉಳಿದ ಮೂರೂ ಅಲುಗುತ್ತವೆ. ನೊರೆ ತಡೆಯಲೆಂದು ಸಿಲಿಕೋನ್ ಎಣ್ಣೆಯನ್ನು ತುಸು ಹೆಚ್ಚು ಹಾಕಿದರೆ ಪದರದ ತುಂಬ ದುಂಡನೆಯ ಗುಳಿಗಳು ಬೀಳುತ್ತವೆ, ಅದರ ಮೇಲೆ ಎರಡನೆಯ ಕೋಟ್ ಹಿಡಿಯುವುದೂ ಕಷ್ಟ. ಹೊಳಪು ತಗ್ಗಿಸಲು ಸಿಲಿಕಾ ಪುಡಿ ಸೇರಿಸಿದರೆ ಪೇಂಟ್ ಗಟ್ಟಿಯಾಗಿ ಹರಿಯದಂತಾಗುತ್ತದೆ; ಅದನ್ನು ತೆಳು ಮಾಡಲು ದ್ರಾವಕ ಹಾಕಿದರೆ ಒಣಗಿದ ಪದರ ತೆಳ್ಳಗಾಗುತ್ತದೆ; ತೆಳ್ಳನೆಯ ಪದರ ತುಕ್ಕನ್ನು ಬಹಳ ಕಾಲ ತಡೆಯುವುದಿಲ್ಲ. ಫಾರ್ಮುಲಾ ಬರೆಯುವುದೆಂದರೆ ಈ ಎಳೆದಾಟದಲ್ಲಿ ಯಾವುದನ್ನು ಎಷ್ಟು ಬಿಟ್ಟುಕೊಡಬಹುದು ಎಂದು ತೀರ್ಮಾನಿಸುವುದು.

ಬಿಳಿ ಪೇಂಟಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದು ಸರಳವೆಂದು ಎಲ್ಲರೂ ತಿಳಿದಿದ್ದಾರೆ. ನಮ್ಮ ಶಾಸ್ತ್ರದ ಅತ್ಯಂತ ಸುಂದರವಾದ ಲೆಕ್ಕಾಚಾರ ಇರುವುದು ಅದರಲ್ಲೇ. ಬಿಳಿ ಪಿಗ್ಮೆಂಟ್ ಬೆಳಕನ್ನು ಹೀರುವುದಿಲ್ಲ, ಎಲ್ಲ ದಿಕ್ಕಿಗೂ ಚದುರಿಸುತ್ತದೆ. ಎಷ್ಟು ಚದುರಿಸಬಲ್ಲದು ಎಂಬುದು ಪುಡಿಯ ಮತ್ತು ಅದನ್ನು ಸುತ್ತುವರಿದ ರಾಳದ ವಕ್ರೀಭವನ ಸೂಚ್ಯಂಕಗಳ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತವೆ ಎಂಬ ಅಳತೆಗಳ, ಅಂತರದ ಮೇಲೆ ನಿಂತಿದೆ. ರಾಳದ ಸೂಚ್ಯಂಕ ಸುಮಾರು 1.5. ಸುಣ್ಣದಕಲ್ಲಿನ ಪುಡಿಯದು ಸುಮಾರು 1.6, ಹಾಗಾಗಿ ಎಣ್ಣೆಯಲ್ಲಿ ಕಲಸಿದರೆ ಅದು ಹೆಚ್ಚುಕಡಿಮೆ ಪಾರದರ್ಶಕವಾಗುತ್ತದೆ. ಟೈಟೇನಿಯಂ ಡೈಆಕ್ಸೈಡಿನ ರೂಟೈಲ್ ರೂಪದ್ದು ಸುಮಾರು 2.7. ನಾರ್ವೆ ಮತ್ತು ಅಮೆರಿಕಗಳಲ್ಲಿ 1910ರ ದಶಕದ ಕೊನೆಯ ಹೊತ್ತಿಗೆ ಟೈಟೇನಿಯಂ ಡೈಆಕ್ಸೈಡನ್ನು ಕಾರ್ಖಾನೆಯ ಪ್ರಮಾಣದಲ್ಲಿ ತಯಾರಿಸಲು ಶುರುವಾಯಿತು. ಅದಕ್ಕೂ ಮೊದಲು ಬಿಳಿ ಎಂದರೆ ಮುಖ್ಯವಾಗಿ ಬಿಳಿ ಸೀಸ, ಆಮೇಲೆ ಸತುವಿನ ಬಿಳಿ. ಬಿಳಿ ಸೀಸದ ಕಥೆಗೆ ಮುಂದೆ ಬರುತ್ತೇನೆ.

ಸೂಚ್ಯಂಕ ಒಂದಿದ್ದರೆ ಸಾಲದು, ಕಣದ ಗಾತ್ರವೂ ಸರಿಯಿರಬೇಕು. ಬೆಳಕಿನ ತರಂಗಾಂತರದ ಅರ್ಧದಷ್ಟು, ಅಂದರೆ 0.2ರಿಂದ 0.3 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಗಾತ್ರದ ಕಣಗಳು ಅತಿ ಹೆಚ್ಚು ಬೆಳಕು ಚದುರಿಸುತ್ತವೆ. ಇನ್ನೂ ನಯವಾಗಿ ಅರೆದರೆ ಬಿಳುಪು ಹೆಚ್ಚುತ್ತದೆಂದು ಹೊಸಬರು ಭಾವಿಸುತ್ತಾರೆ. ಅರೆಯುತ್ತಾ ಹೋದರೆ ಅದೇ ಪುಡಿ ಪಾರದರ್ಶಕವಾಗುತ್ತದೆ. ಕಣಗಳು ಒಂದಕ್ಕೊಂದು ಒತ್ತಿ ಕುಳಿತರೂ ಶಕ್ತಿ ಕುಗ್ಗುತ್ತದೆ. ದುಬಾರಿ ಪಿಗ್ಮೆಂಟನ್ನು ಇಮ್ಮಡಿ ಹಾಕಿದರೆ ಮುಚ್ಚುವ ಶಕ್ತಿ ಇಮ್ಮಡಿಯಾಗುವುದಿಲ್ಲ.

ಪುಡಿಯ ಪ್ರಮಾಣ ಏರುತ್ತಾ ಒಂದು ಮಿತಿ ದಾಟಿದರೆ, ಕಣಗಳ ನಡುವಿನ ಎಲ್ಲ ಸಂದುಗಳನ್ನೂ ತುಂಬಲು ರಾಳ ಸಾಲದಾಗುತ್ತದೆ. ಅಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಆಸ್‌ಬೆಕ್ ಮತ್ತು ವಾನ್ ಲೂ ಎಂಬ ಇಬ್ಬರು ವಿಜ್ಞಾನಿಗಳು 1949ರಲ್ಲಿ ಈ ಮಿತಿಯನ್ನು ಪದರದ ಗುಣಗಳೊಂದಿಗೆ ಜೋಡಿಸಿ ತೋರಿಸಿದರು. ಮಿತಿಯ ಒಳಗಿರುವ ಪದರ ಹೊಳೆಯುತ್ತದೆ, ನೀರನ್ನು ತಡೆಯುತ್ತದೆ. ಮಿತಿ ದಾಟಿದರೆ ಹೊಳಪು ಸಾಯುತ್ತದೆ, ಪದರ ಜಾಳಾಗುತ್ತದೆ, ಆದರೆ ಮುಚ್ಚುವ ಶಕ್ತಿ ಒಮ್ಮೆಲೇ ಏರುತ್ತದೆ. ಏಕೆಂದರೆ ಗಾಳಿಯ ಸೂಚ್ಯಂಕ 1. ಅದರ ಎದುರು ಸುಣ್ಣದಕಲ್ಲಿನ ಪುಡಿಯೂ ಬೆಳಕು ಚದುರಿಸಬಲ್ಲದು. ಕಡಿಮೆ ಬೆಲೆಯ ಒಳಚಾವಣಿಯ ಪೇಂಟ್ ಹಚ್ಚುವಾಗ ತೆಳುವಾಗಿ ಕಂಡು ಒಣಗಿದ ಮೇಲೆ ದಟ್ಟ ಬಿಳಿಯಾಗುವುದು, ನೀರು ತಾಗಿದಲ್ಲಿ ಮತ್ತೆ ಮಂಕಾಗುವುದು ಇದೇ ಕಾರಣಕ್ಕೆ. ಚಾವಣಿಗೆ ಅದು ನ್ಯಾಯವಾದ ಉಪಾಯ. ಅದೇ ಉಪಾಯವನ್ನು ಸೇತುವೆಯ ಪ್ರೈಮರ್‌ನಲ್ಲಿ, ಅಂದರೆ ಲೋಹಕ್ಕೆ ಮೊದಲು ಹಚ್ಚುವ ಪದರದಲ್ಲಿ, ಮಾಡಿದರೆ ಉಕ್ಕು ಉಳಿಯುವುದಿಲ್ಲ. ಎರಡೂ ಡಬ್ಬಿಗಳು ನೋಡಲು ಒಂದೇ.

ಪುಡಿಯನ್ನು ರಾಳದಲ್ಲಿ ಬಿಡಿಸುವ ಕೆಲಸ ನನಗೆ ಬಹಳ ಇಷ್ಟ. ಚೀಲದಿಂದ ಬರುವ ಪುಡಿಯ ಮೂಲ ಕಣಗಳು ಆಗಲೇ ಬೇಕಾದಷ್ಟು ಸಣ್ಣವು. ಆದರೆ ಅವು ಗುಂಪು ಕಟ್ಟಿಕೊಂಡಿರುತ್ತವೆ. ಹಲ್ಲುಗಳಿರುವ ಉಕ್ಕಿನ ತಟ್ಟೆಯೊಂದು ಟ್ಯಾಂಕಿನಲ್ಲಿ ತಿರುಗುತ್ತದೆ, ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ಪೇಸ್ಟ್ ಸರಿಯಾದ ಮಂದದಲ್ಲಿದ್ದರೆ ಅದು ತಟ್ಟೆಯ ಸುತ್ತ ಉರುಳುತ್ತಾ ನಡುವೆ ಸುಳಿ ತೆರೆದು, ಉದ್ದಿನ ವಡೆಯ ಆಕಾರ ತಾಳುತ್ತದೆ. ತೀರಾ ತೆಳುವಾಗಿದ್ದರೆ ಸಿಡಿಯುತ್ತದೆ, ಗುಂಪುಗಳು ಒಡೆಯುವುದಿಲ್ಲ. ತೀರಾ ಗಟ್ಟಿಯಾಗಿದ್ದರೆ ನಡುಭಾಗ ಮಾತ್ರ ತಿರುಗಿ ಅಂಚು ನಿಂತುಬಿಡುತ್ತದೆ. ಇದನ್ನು ಅನುಭವಿ ಆಪರೇಟರುಗಳು ಮೋಟಾರಿನ ಸದ್ದಿನಿಂದಲೇ ಹೇಳಬಲ್ಲರು.

ಬಿಡಿಸಿದ್ದು ಸಾಕೇ ಎಂದು ನೋಡುವ ಸಾಧನ ಕೈಯಲ್ಲಿ ಹಿಡಿಯುವಷ್ಟೇ ದೊಡ್ಡದು. ಉಕ್ಕಿನ ಪಟ್ಟಿಯಲ್ಲಿ ಇಳಿಜಾರಾದ ಒಂದು ಕಾಲುವೆ ಕೊರೆದಿರುತ್ತದೆ; ಒಂದು ತುದಿಯಲ್ಲಿ 100 ಮೈಕ್ರಾನ್ ಆಳ, ಇನ್ನೊಂದು ತುದಿಯಲ್ಲಿ ಸೊನ್ನೆ. ಇದಕ್ಕೆ ಹೆಗ್‌ಮನ್ ಗೇಜ್ ಎನ್ನುತ್ತಾರೆ. ಆಳದ ತುದಿಯಲ್ಲಿ ಪೇಂಟಿನ ಒಂದೆರಡು ಹನಿ ಇಟ್ಟು, ನೇರ ಅಂಚಿನ ಅಲಗನ್ನು ಎರಡೂ ಕೈಗಳಿಂದ ಸಮನಾಗಿ ಒತ್ತಿ ಎಳೆಯಬೇಕು. ಕೂಡಲೇ ಗೇಜನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ತಡ ಮಾಡಿದರೆ ದ್ರಾವಕ ಆರಿ, ಒಳ್ಳೆಯ ಪೇಂಟೂ ತರಿತರಿಯಾಗಿ ಕಾಣುತ್ತದೆ. ಕಾಲುವೆ ಆಳ ಕಳೆದುಕೊಳ್ಳುತ್ತಾ ಬಂದಂತೆ ಒಂದು ಕಡೆ ಚುಕ್ಕೆಗಳು ಒತ್ತಾಗಿ ಎದ್ದು ಕಾಣುತ್ತವೆ. ಅಲ್ಲಿನ ಅಂಕಿಯೇ ಉತ್ತರ. ಪ್ರೈಮರ್ ಆದರೆ 40 ಮೈಕ್ರಾನ್ ಇದ್ದರೂ ನಡೆಯುತ್ತದೆ. ಕಾರಿನ ಮೇಲ್ಪದರಕ್ಕೆ 10ಕ್ಕಿಂತ ಕೆಳಗಿರಬೇಕು. ಯಂತ್ರಗಳು ಎಷ್ಟೇ ಬಂದರೂ, ಪ್ರಯೋಗಾಲಯಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ನಾನು ಮೊದಲು ಕಲಿಸುತ್ತಿದ್ದದ್ದು ಈ ಎಳೆತವನ್ನು. ಕಣ್ಣು ಮತ್ತು ಮಣಿಕಟ್ಟು ಪಳಗದೆ ಪೇಂಟಿನ ಕೆಲಸ ಕೈಗೆ ಹತ್ತುವುದಿಲ್ಲ.

ಬಣ್ಣದ ಪಿಗ್ಮೆಂಟುಗಳ ಚರಿತ್ರೆಯಲ್ಲಿ ನನಗೆ ಬಲು ಪ್ರಿಯವಾದ ಘಟನೆ 1928ರದು. ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನಲ್ಲಿ ಸ್ಕಾಟಿಷ್ ಡೈಸ್ ಕಂಪನಿಯ ಕಾರ್ಖಾನೆ ಥ್ಯಾಲಿಮೈಡ್ ಎಂಬ ಬಿಳಿ ರಾಸಾಯನಿಕವನ್ನು ತಯಾರಿಸುತ್ತಿತ್ತು. ಪಾತ್ರೆಯ ಒಳಗಿನ ಗಾಜಿನ ಲೇಪನ ಬಿರುಕುಬಿಟ್ಟು, ದ್ರವ ಹೊರಗವಚದ ಕಬ್ಬಿಣಕ್ಕೆ ತಾಗಿ, ಸರಕಿನಲ್ಲಿ ನೀಲಿ ಚೂರುಗಳು ಕಾಣಿಸಿಕೊಂಡವು. ಅಲ್ಲಿನ ರಸಾಯನತಜ್ಞರು ಅದನ್ನು ಕಲ್ಮಶವೆಂದು ಎಸೆಯದೆ ತೆಗೆದು ಪರೀಕ್ಷಿಸಿದರು. ಆಮ್ಲಕ್ಕೂ ಶಾಖಕ್ಕೂ ಜಗ್ಗದ ವಸ್ತು! ಅದರ ರಚನೆಯನ್ನು ಲಂಡನ್ನಿನಲ್ಲಿ ಪ್ಯಾಟ್ರಿಕ್ ಲಿನ್‌ಸ್ಟೆಡ್ ಮತ್ತು ಅವರ ಸಹೋದ್ಯೋಗಿಗಳು ಬಿಡಿಸಿದರು. ಕಬ್ಬಿಣದ ಬದಲು ತಾಮ್ರವನ್ನಿಟ್ಟ ರೂಪ 1935ರಲ್ಲಿ ಮಾನಾಸ್ಟ್ರಲ್ ಬ್ಲೂ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇಂದಿಗೂ ಪೇಂಟ್ ಮತ್ತು ಮುದ್ರಣದ ಶಾಯಿಗಳ ಮುಖ್ಯ ನೀಲಿ ಅದೇ, ತಾಮ್ರದ ಥ್ಯಾಲೋಸಯನಿನ್.

ಬಣ್ಣ ಹೊಂದಿಸುವಾಗ ಕಾಡುವ ಸಮಸ್ಯೆ ಬೇರೆ. ಎರಡು ಫಲಕಗಳು ಹಗಲಿನ ಬೆಳಕಿನಲ್ಲಿ ಒಂದೇ ಥರ ಕಂಡು, ಸಂಜೆ ಬಲ್ಬಿನ ಅಡಿಯಲ್ಲಿ ಒಂದು ಕೆಂಪಿಗೂ ಇನ್ನೊಂದು ಹಸಿರಿಗೂ ವಾಲಬಹುದು. ಬೇರೆ ಬೇರೆ ಪಿಗ್ಮೆಂಟುಗಳಿಂದ ಒಂದೇ ಬಣ್ಣ ಕಟ್ಟಿದಾಗ ಹೀಗಾಗುತ್ತದೆ. ಆದ್ದರಿಂದ ಕನಿಷ್ಠ ಎರಡು ಮೂರು ಬಗೆಯ ದೀಪಗಳಡಿ ನೋಡದೆ ಯಾವ ಬ್ಯಾಚನ್ನೂ ಹೊರಗೆ ಕಳಿಸಬಾರದು. ಬಣ್ಣ ಅಳೆಯುವ ಯಂತ್ರವಾದ ಸ್ಪೆಕ್ಟ್ರೋಫೋಟೋಮೀಟರ್ ಅಂಕಿ ಕೊಡುತ್ತದೆ, ಕೊನೆಯ ಒಪ್ಪಿಗೆಯನ್ನು ಪಳಗಿದ ಕಣ್ಣೇ ಕೊಡಬೇಕು.

ಇನ್ನು ರಾಳಗಳು. ಅವುಗಳ ಚರಿತ್ರೆಯನ್ನು ಬೇಗ ದಾಟುತ್ತೇನೆ. ಹಳೆಯ ಕಾಲದ ರಾಳ ಅಗಸೆ ಎಣ್ಣೆ. ಅದು ಒಣಗುವಾಗ ಆವಿಯಾಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹಿಡಿದುಕೊಂಡು ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಅದರ ತೂಕವೂ ಏರುತ್ತದೆ. ಆ ಕ್ರಿಯೆಯಲ್ಲಿ ಶಾಖ ಹುಟ್ಟುವುದರಿಂದ ಎಣ್ಣೆ ನೆನೆದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆದರೆ ತಾವಾಗಿ ಹೊತ್ತಿಕೊಳ್ಳುತ್ತವೆ. ಪೇಂಟ್ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು. ಎಣ್ಣೆ ವಾರ್ನಿಷ್ಷಿನ ಕಾಲದಲ್ಲಿ ಒಂದು ಕಾರಿಗೆ ಪೇಂಟ್ ಮಾಡಿ ಮುಗಿಸಲು ವಾರಗಳೇ ಹಿಡಿಯುತ್ತಿದ್ದವು. 1923ರಲ್ಲಿ ಡ್ಯುಪಾಂಟ್ ಕಂಪನಿಯ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಂದ ಮೇಲೆ ಒಣಗುವ ಸಮಯ ಗಂಟೆಗಳಿಗೆ ಇಳಿಯಿತು. ನಂತರ ಆಲ್ಕಿಡ್ ಬಂತು. ಒಟ್ಟೊ ಬೇಯರ್ ಅವರ ತಂಡ 1937ರಲ್ಲಿ ಪಾಲಿಯುರಿಥೇನನ್ನು ಕಂಡುಹಿಡಿಯಿತು. ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್ ಮತ್ತು ಅಮೆರಿಕದ ಸಿಲ್ವನ್ ಗ್ರೀನ್‌ಲೀ ಎಪಾಕ್ಸಿಗೆ ಬುನಾದಿ ಹಾಕಿದರು.

ಕಾರಿನ ಮೊದಲ ಪದರ ಹಚ್ಚುವ ಬಗೆಯನ್ನು ಮಾತ್ರ ಹೇಳದೆ ಮುಂದೆ ಹೋಗಲಾರೆ. ಇಡೀ ಒಡಲನ್ನು ನೀರಿನಂಥ ಪೇಂಟಿನ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ ಕೆಲವು ನೂರು ವೋಲ್ಟ್ ವಿದ್ಯುತ್ ಹಾಯಿಸುತ್ತಾರೆ. ವಿದ್ಯುದಾವೇಶ ಹೊತ್ತ ರಾಳದ ಕಣಗಳು ಲೋಹದತ್ತ ಸಾಗಿ ಅಂಟುತ್ತವೆ. ಅಂಟಿದ ಪದರ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಆದ್ದರಿಂದ ಒಂದು ಜಾಗ ಮುಚ್ಚಿದ ಮೇಲೆ ವಿದ್ಯುತ್ ಇನ್ನೂ ಬರಿದಾಗಿರುವ ಜಾಗವನ್ನು ಹುಡುಕಿಕೊಂಡು ಒಳಗೊಳಗೆ ಹೋಗುತ್ತದೆ. ಯಾವ ಸ್ಪ್ರೇ ಗನ್ನೂ ತಲುಪದ ಪೆಟ್ಟಿಗೆಯಂಥ ಟೊಳ್ಳುಗಳಲ್ಲೂ ಸುಮಾರು 20 ಮೈಕ್ರಾನಿನ ಪದರ ಕೂರುತ್ತದೆ. ಫೋರ್ಡ್ ಕಂಪನಿ 1960ರ ದಶಕದಲ್ಲಿ ಇದನ್ನು ಶುರುಮಾಡಿತು. ಮುಂದಿನ ದಶಕದಲ್ಲಿ ಲೋಹವನ್ನು ಕ್ಯಾಥೋಡ್ (ಋಣ ವಿದ್ಯುದಗ್ರ) ಆಗಿಸುವ ವಿಧಾನ ಬಂದು ತುಕ್ಕಿನ ವಿರುದ್ಧದ ರಕ್ಷಣೆ ಇನ್ನಷ್ಟು ಗಟ್ಟಿಯಾಯಿತು. ಹಚ್ಚುವವನ ಕೈಚಳಕವನ್ನು ನೆಚ್ಚದೆ ಪದರವೇ ತನ್ನನ್ನು ತಿದ್ದಿಕೊಳ್ಳುವಂತೆ ಮಾಡಿದ ಈ ಯೋಚನೆಗೆ ನಾನು ಇಂದಿಗೂ ತಲೆಬಾಗುತ್ತೇನೆ.

ಸೇತುವೆಗೆ, ಟ್ಯಾಂಕಿಗೆ ಅಂಥ ತೊಟ್ಟಿ ಇಲ್ಲ. ಅಲ್ಲಿ ಪದರ ಹುಟ್ಟುವುದು ಬಯಲಿನಲ್ಲಿ, ಮನುಷ್ಯರ ಕೈಯಲ್ಲಿ.

ಪೇಂಟ್ ನೀರನ್ನು ಪೂರ್ತಿ ತಡೆದು ಉಕ್ಕನ್ನು ಕಾಪಾಡುತ್ತದೆ ಎಂಬುದು ಬಹುಮಂದಿಯ ನಂಬಿಕೆ. ಬ್ರಿಟನ್ನಿನ ಮೇನ್ ಎಂಬ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಬೇರೆಯದನ್ನೇ. ಸಾಮಾನ್ಯ ಪೇಂಟಿನ ಪದರದ ಮೂಲಕ ತುಕ್ಕು ಹಿಡಿಯಲು ಬೇಕಾದಷ್ಟು ನೀರೂ ಆಮ್ಲಜನಕವೂ ನುಸುಳಿ ಹೋಗುತ್ತವೆ. ಹಾಗಿದ್ದೂ ಉಕ್ಕು ಉಳಿಯುತ್ತದೆ, ಏಕೆಂದರೆ ಪದರ ಲವಣದ ಅಯಾನುಗಳ (ವಿದ್ಯುದಾವೇಶ ಹೊತ್ತ ಕಣಗಳ) ಓಡಾಟಕ್ಕೆ ಅಡ್ಡಿಯಾಗಿ ತುಕ್ಕಿನ ವಿದ್ಯುತ್ ಮಂಡಲ ಪೂರ್ಣಗೊಳ್ಳದಂತೆ ಮಾಡುತ್ತದೆ. ಲೋಹಕ್ಕೆ ಬಿಗಿಯಾಗಿ ಅಂಟಿ, ನೀರು ಅಡಿಯಲ್ಲಿ ಸೇರಿ ನಿಲ್ಲಲು ಜಾಗ ಕೊಡುವುದಿಲ್ಲ. ಅಂದಮೇಲೆ ಎಲ್ಲವೂ ಅಂಟಿನ ಮೇಲೆ, ಅಡಿಯ ಶುಚಿಯ ಮೇಲೆ ನಿಂತಿದೆ. ಸೇತುವೆಯಂಥ ಕಡೆ ಮೂರು ಪದರಗಳ ಕಟ್ಟು ರೂಢಿಯಲ್ಲಿದೆ: ಅಡಿಯಲ್ಲಿ ಸತುವಿನ ಪುಡಿ ತುಂಬಿದ ಪ್ರೈಮರ್, ನಡುವೆ ಎಪಾಕ್ಸಿ, ಮೇಲೆ ಪಾಲಿಯುರಿಥೇನ್. ಸತು ಉಕ್ಕಿಗೆ ಬದಲಾಗಿ ತಾನೇ ಸವೆಯುತ್ತದೆ. ಎಪಾಕ್ಸಿ ಅಂಟುವುದರಲ್ಲಿ, ತಡೆಯುವುದರಲ್ಲಿ ನಿಸ್ಸೀಮ, ಆದರೆ ಬಿಸಿಲಿಗೆ ಸುಣ್ಣದಂತೆ ಪುಡಿ ಉದುರಿಸುತ್ತದೆ. ಆ ಬಿಸಿಲನ್ನು ಪಾಲಿಯುರಿಥೇನ್ ಹೊರುತ್ತದೆ.

ಇಷ್ಟೆಲ್ಲ ಮಾಡಿದರೂ, ಉಕ್ಕನ್ನು ಮರಳಿನಂಥ ಹರಳುಗಳ ಹೊಡೆತದಿಂದ ಬಿಳಿ ಲೋಹ ಕಾಣುವಂತೆ ತೊಳೆಯದಿದ್ದರೆ ಎಲ್ಲವೂ ವ್ಯರ್ಥ. ಉಕ್ಕಿನ ತಾಪಮಾನ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ತಾಪಮಾನಕ್ಕಿಂತ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು ಎಂಬ ನಿಯಮವಿದೆ. ಇಲ್ಲದಿದ್ದರೆ ಕಣ್ಣಿಗೆ ಕಾಣದ ತೇವದ ಮೇಲೆ ಪೇಂಟ್ ಹಚ್ಚಿದಂತಾಗುತ್ತದೆ. ಸಮುದ್ರದ ಗಾಳಿ ಬಿಟ್ಟುಹೋದ ಉಪ್ಪು ಲೋಹದ ಮೇಲೆ ಉಳಿದಿದ್ದರೆ ಅದು ಪದರದ ಮೂಲಕ ನೀರನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ.

ಒಂದು ದೂರಿನ ತನಿಖೆಯನ್ನು ಹತ್ತಿರದಿಂದ ಹೇಳುತ್ತೇನೆ. ನೀರು ತುಂಬಿಡುವ ದೊಡ್ಡ ಉಕ್ಕಿನ ಟ್ಯಾಂಕಿನ ಒಳಮೈ ತುಂಬ ಎಪಾಕ್ಸಿ ಪದರದಲ್ಲಿ ಗುಳ್ಳೆಗಳು ಎದ್ದಿದ್ದವು. ಪೇಂಟ್ ಕೊಟ್ಟವರು ಹಚ್ಚಿದವರನ್ನು ದೂರುತ್ತಿದ್ದರು, ಹಚ್ಚಿದವರು ಪೇಂಟನ್ನು. ನನ್ನನ್ನು ಕರೆದದ್ದು ಯಾರ ಮೇಲೆ ಹೊರೆ ಹಾಕಬೇಕೆಂದು ತಿಳಿಯಲು. ನಾನು ಟಾರ್ಚ್, ಭೂತಗನ್ನಡಿ, ತೆಳು ಸೂಜಿಯ ಸಿರಿಂಜ್, ಪಿಎಚ್ ಕಾಗದ ಮತ್ತು ಒಂದು ಚೂಪಾದ ಚಾಕು ಹಿಡಿದು ಒಳಗಿಳಿದೆ. ಗುಳ್ಳೆಗಳು ಒಡೆದಿರಲಿಲ್ಲ. ಸೂಜಿ ಚುಚ್ಚಿ ಎಳೆದಾಗ ತಿಳಿ ದ್ರವ ಬಂತು. ಪಿಎಚ್ ಕಾಗದ ಹೆಚ್ಚೇನೂ ಬದಲಾಗಲಿಲ್ಲ. ಲೋಹದ ಮೇಲೆ ತುಕ್ಕಿನ ಕ್ರಿಯೆಯಿಂದ ಎದ್ದ ಗುಳ್ಳೆಯಾಗಿದ್ದರೆ ಕ್ಷಾರ ಕಾಣಬೇಕಿತ್ತು. ಚಾಕುವಿನಿಂದ ಗುಳ್ಳೆಯ ಮುಚ್ಚಳ ಎತ್ತಿದಾಗ ಅಡಿಯಲ್ಲಿ ಲೋಹ ಕಾಣಲಿಲ್ಲ, ಮೊದಲ ಕೋಟಿನ ಬಣ್ಣ ಹಾಗೇ ಇತ್ತು. ಅಂದರೆ ಗುಳ್ಳೆ ಎದ್ದದ್ದು ಎರಡು ಕೋಟುಗಳ ನಡುವೆ. ದ್ರವವನ್ನು ಮೂಗಿನ ಹತ್ತಿರ ತಂದರೆ ನಿಧಾನವಾಗಿ ಆರುವ ದ್ರಾವಕದ ವಾಸನೆ.

ಅಲ್ಲಿಂದ ಮುಂದಿನ ದಾರಿ ತಿಳಿಯಾಯಿತು. ಮೊದಲ ಕೋಟಿನ ದ್ರಾವಕ ಪೂರ್ತಿ ಹೊರಹೋಗುವ ಮೊದಲೇ ಎರಡನೆಯ ಕೋಟ್ ಬಿದ್ದಿತ್ತು. ಸಿಕ್ಕಿಕೊಂಡ ದ್ರಾವಕ ನೀರಿನೊಂದಿಗೆ ಬೆರೆಯುವಂಥದ್ದು. ಟ್ಯಾಂಕಿಗೆ ನೀರು ತುಂಬಿದ ಮೇಲೆ ಅದು ನೀರನ್ನು ಒಳಕ್ಕೆ ಸೆಳೆಯಿತು. ಹಚ್ಚಿದವರ ದಿನಚರಿ ತರಿಸಿ ನೋಡಿದೆ. ಎರಡು ಕೋಟುಗಳ ನಡುವೆ ಪೇಂಟಿನ ಮಾಹಿತಿ ಹಾಳೆಯಲ್ಲಿ ಬರೆದಿದ್ದಷ್ಟೇ ಗಂಟೆ ಬಿಟ್ಟಿದ್ದರು. ಹಾಳೆಯಲ್ಲಿದ್ದದ್ದು 25 ಡಿಗ್ರಿಯ ಪ್ರಯೋಗಾಲಯದಲ್ಲಿ, ಗಾಳಿ ಆಡುವ ಕೋಣೆಯಲ್ಲಿ ಅಳೆದ ಅವಧಿ. ಅವರು ಕೆಲಸ ಮಾಡಿದ್ದು ಚಳಿಯಲ್ಲಿ, ಒಂದೇ ಕಿಂಡಿಯಿದ್ದ ಟ್ಯಾಂಕಿನೊಳಗೆ. ದ್ರಾವಕದ ಆವಿ ಗಾಳಿಗಿಂತ ಭಾರ, ಅದು ತಳದಲ್ಲೇ ಕುಳಿತಿತ್ತು. ಗುಳ್ಳೆಗಳು ತಳಭಾಗದಲ್ಲೇ ದಟ್ಟವಾಗಿದ್ದುದಕ್ಕೂ ಅದೇ ಕಾರಣ. ಆ ಕೆಲಸಗಾರರು ಬರೆದದ್ದನ್ನು ಅಕ್ಷರಶಃ ಪಾಲಿಸಿದ್ದರು. ಚಳಿಯಲ್ಲಿ ಎಷ್ಟು ಕಾಯಬೇಕು, ಮುಚ್ಚಿದ ಜಾಗದಲ್ಲಿ ಗಾಳಿಯನ್ನು ಹೇಗೆ ಹೊರಗೆಳೆಯಬೇಕು ಎಂದು ಹೇಳಬೇಕಾದವರು ಹೇಳಿರಲಿಲ್ಲ. ವರದಿಯಲ್ಲಿ ಹಾಗೆಯೇ ಬರೆದೆ. ಮಾಹಿತಿ ಹಾಳೆಯೂ ಪೇಂಟಿನ ಒಂದು ಪದಾರ್ಥವೇ. ರಾಳದಷ್ಟೇ ಜಾಗ್ರತೆಯಿಂದ ಅದನ್ನು ತಯಾರಿಸಬೇಕು.

ಪ್ರಯೋಗಾಲಯದ ಪರೀಕ್ಷೆಗಳನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಯೂ ಇಲ್ಲೇ ಏಳುತ್ತದೆ. ಗ್ರಾಹಕರು ಮೊದಲು ಕೇಳುವುದು ಉಪ್ಪಿನ ಮಂಜಿನ ಪರೀಕ್ಷೆಯ ಗಂಟೆಗಳನ್ನು. ಶೇಕಡಾ 5ರ ಉಪ್ಪುನೀರನ್ನು 35 ಡಿಗ್ರಿಯ ಪೆಟ್ಟಿಗೆಯಲ್ಲಿ ಮಂಜಾಗಿಸಿ ಫಲಕಗಳ ಮೇಲೆ ಬೀಳಿಸುವ ಈ ಬಗೆಯ ಪರೀಕ್ಷೆ 1939ರಲ್ಲೇ ಅಮೆರಿಕದಲ್ಲಿ ಮಾನಕವಾಯಿತು. ಅದು ಒಂದೇ ಪೇಂಟಿನ ಬ್ಯಾಚ್‌ಗಳನ್ನು ಹೋಲಿಸಲು ಉಪಯುಕ್ತ. ಆದರೆ ಎರಡು ಭಿನ್ನ ಪೇಂಟುಗಳಲ್ಲಿ ಯಾವುದು ಬಯಲಿನಲ್ಲಿ ಹೆಚ್ಚು ಬಾಳುತ್ತದೆಂದು ಅದರಿಂದ ಹೇಳುವುದು ತಪ್ಪು. ಬಯಲಿನಲ್ಲಿ ಉಕ್ಕು ಒದ್ದೆಯಾಗುತ್ತದೆ, ಒಣಗುತ್ತದೆ, ಮತ್ತೆ ಒದ್ದೆಯಾಗುತ್ತದೆ, ಬಿಸಿಲು ಬೀಳುತ್ತದೆ. ಪೆಟ್ಟಿಗೆಯಲ್ಲಿ ಇವು ಯಾವುವೂ ಇಲ್ಲ. ನೆನೆಸಿ ಒಣಗಿಸುವ ಸರದಿ ಪರೀಕ್ಷೆಗಳು ಎಷ್ಟೋ ವಾಸಿ. ಫ್ಲಾರಿಡಾದಂಥ ಬಿಸಿ ಮತ್ತು ತೇವದ ಜಾಗಗಳಲ್ಲಿ ದಕ್ಷಿಣಕ್ಕೆ ಮುಖಮಾಡಿ ಫಲಕಗಳನ್ನು ವರ್ಷಗಟ್ಟಲೆ ಬಿಸಿಲಿಗೊಡ್ಡುವ ಪದ್ಧತಿಗೆ ಮಾತ್ರ ಇನ್ನೂ ಪರ್ಯಾಯ ಸಿಕ್ಕಿಲ್ಲ. ಆತುರದ ಮಾರುಕಟ್ಟೆಗೆ ಇದು ಹಿಡಿಸುವುದಿಲ್ಲ. ಒಬ್ಬರು ಇಟ್ಟ ಫಲಕಗಳನ್ನು ಅವರ ನಂತರ ಬಂದವರು ಓದಬೇಕಾಗುತ್ತದೆ. ಆದ್ದರಿಂದ ಪುಸ್ತಕದಲ್ಲಿ ಟಿಪ್ಪಣಿ ಬರೆಯುವಾಗ ಅಪರಿಚಿತರಿಗೂ ಅರ್ಥವಾಗುವಂತೆ ಬರೆಯಿರಿ ಎಂದು ನಾನು ಪಟ್ಟು ಹಿಡಿಯುತ್ತಿದ್ದೆ.

ಈಗ ವಿಷದ ವಿಚಾರ. ಇದನ್ನು ಹೇಳದೆ ಪೇಂಟಿನ ಸಾಧನೆಗಳನ್ನಷ್ಟೇ ಹೊಗಳಿದರೆ ನಾನು ನಿಮಗೆ ಅನ್ಯಾಯ ಮಾಡಿದಂತೆ.

ಬಿಳಿ ಸೀಸ ನಿಜಕ್ಕೂ ಒಳ್ಳೆಯ ಪಿಗ್ಮೆಂಟ್. ಎಣ್ಣೆಯೊಂದಿಗೆ ಕೂಡಿ ಬಾಗುವ, ಬಿರಿಯದ ಪದರ ಕೊಡುತ್ತಿತ್ತು. ಅದನ್ನು ತಯಾರಿಸಿದವರ, ಹಚ್ಚಿದವರ ನರಗಳನ್ನು ಅದು ಹಾಳುಮಾಡುತ್ತಿದ್ದದ್ದು ಬಹಳ ಹಿಂದಿನಿಂದ ಗೊತ್ತಿತ್ತು. ಆಸ್ಟ್ರೇಲಿಯದ ಬ್ರಿಸ್ಬೇನ್‌ನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ 1904ರಲ್ಲಿ ಇನ್ನೊಂದು ಸತ್ಯವನ್ನು ಮುಂದಿಟ್ಟರು. ಅಲ್ಲಿನ ಮಕ್ಕಳಲ್ಲಿ ಕಾಣುತ್ತಿದ್ದ ಸೀಸದ ವಿಷಕ್ಕೆ ಮೂಲ ಮನೆಯ ಪೇಂಟು. ಬಿಸಿಲಿಗೆ ಪುಡಿಯಾದ ಜಗಲಿಯ ಕಟಕಟೆಯನ್ನು ಮುಟ್ಟಿದ ಬೆರಳುಗಳನ್ನು ಮಕ್ಕಳು ಬಾಯಿಗಿಡುತ್ತಿದ್ದರು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1921ರಲ್ಲಿ ಕಟ್ಟಡಗಳ ಒಳಭಾಗಕ್ಕೆ ಬಿಳಿ ಸೀಸವನ್ನು ಬಳಸುವುದನ್ನು ನಿಷೇಧಿಸುವ ಒಪ್ಪಂದ ಮಾಡಿತು. ಅಮೆರಿಕ ಮನೆಗಳ ಪೇಂಟಿನಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಟೈಟೇನಿಯಂ ಡೈಆಕ್ಸೈಡ್ ಆ ಹೊತ್ತಿಗೆ ಅರ್ಧ ಶತಮಾನದಿಂದ ಮಾರುಕಟ್ಟೆಯಲ್ಲಿತ್ತು. ಗಿಬ್ಸನ್ ಹೇಳಿದ್ದಕ್ಕೂ ಆ ನಿಷೇಧಕ್ಕೂ ನಡುವೆ 74 ವರ್ಷ. ಆ ವರ್ಷಗಳಲ್ಲಿ ಸೀಸದ ಪೇಂಟಿನ ಫಾರ್ಮುಲಾ ಬರೆಯುತ್ತಿದ್ದವರೂ ನನ್ನಂಥ ರಸಾಯನತಜ್ಞರೇ. ಅವರು ಹಚ್ಚಿಸಿದ ಪದರಗಳನ್ನು ಇಂದು ಯಾರೋ ಧೂಳಿನ ಮುಖವಾಡ ತೊಟ್ಟು ಕೆರೆಯುತ್ತಿದ್ದಾರೆ.

ಹಡಗಿನ ಪೇಂಟಿನದು ಇನ್ನೂ ಹತ್ತಿರದ ಕಥೆ. ಹಡಗಿನ ತಳಕ್ಕೆ ಕಪ್ಪೆಚಿಪ್ಪು, ಪಾಚಿ ಅಂಟಿದರೆ ವೇಗ ಕುಗ್ಗಿ ಇಂಧನ ಹೆಚ್ಚು ಸುಡುತ್ತದೆ. ಟ್ರೈಬ್ಯೂಟೈಲ್ ಟಿನ್ ಎಂಬ ತವರದ ಸಂಯುಕ್ತವನ್ನು ಆಕ್ರಿಲಿಕ್ ರಾಳಕ್ಕೇ ಪೋಣಿಸಿದ ಪೇಂಟ್ 1970ರ ದಶಕದಲ್ಲಿ ಬಂತು. ಸಮುದ್ರದ ನೀರು ಆ ಕೊಂಡಿಯನ್ನು ನಿಧಾನವಾಗಿ ಬಿಡಿಸುತ್ತದೆ, ವಿಷ ಒಂದೇ ಸಮನೆ ಹೊರಬರುತ್ತದೆ, ಪದರ ಸವೆಯುತ್ತಾ ತಾನೇ ನಯವಾಗುತ್ತದೆ. ರಸಾಯನಶಾಸ್ತ್ರದ ದೃಷ್ಟಿಯಿಂದ ಅಷ್ಟು ಚೊಕ್ಕವಾದ ಪೇಂಟುಗಳು ಕಡಿಮೆ. ಆದರೆ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಾಯಿತು, ಮರಿಗಳು ಉಳಿಯಲಿಲ್ಲ. ಸಮುದ್ರದ ಬಸವನಹುಳುಗಳಲ್ಲಿ ಹೆಣ್ಣುಗಳಿಗೆ ಗಂಡಿನ ಅಂಗ ಬೆಳೆಯಿತು. ಅದಕ್ಕೆ ಒಂದು ಲೀಟರ್ ನೀರಿಗೆ ಗ್ರಾಮಿನ ನೂರು ಕೋಟಿಯ ಒಂದು ಭಾಗದಷ್ಟು ವಿಷವೇ ಸಾಕಾಗಿತ್ತು. ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಲ್ಲಿ ಅದನ್ನು ತಡೆಯಿತು. ಜಾಗತಿಕ ನಿಷೇಧದ ಒಪ್ಪಂದ 2001ರಲ್ಲಿ ಅಂಗೀಕಾರವಾಗಿ 2008ರಲ್ಲಿ ಜಾರಿಗೆ ಬಂತು. ಸೀಸಕ್ಕಿಂತ ಬೇಗ, ಆದರೂ ಬೇಗ ಎನ್ನಲಾರೆ. ಕೊಲ್ಲುವ ಸಾಮರ್ಥ್ಯವನ್ನು ಅಳೆದವರು, ಬಿಟ್ಟುಹೋದ ವಿಷ ಎಲ್ಲಿ ಸೇರುತ್ತದೆ ಎಂದು ಅಷ್ಟೇ ಶ್ರದ್ಧೆಯಿಂದ ಅಳೆದಿರಲಿಲ್ಲ.

ಆದ್ದರಿಂದ ಹೊಸ ಪದಾರ್ಥವೊಂದು ಮೇಜಿಗೆ ಬಂದಾಗ ನಾನು ಕೇಳುತ್ತಿದ್ದ ಪ್ರಶ್ನೆಗಳು ಇವು: ಇದನ್ನು ಚೀಲದಿಂದ ಸುರಿಯುವವರು ಏನನ್ನು ಉಸಿರಾಡುತ್ತಾರೆ? ಸ್ಪ್ರೇ ಮಾಡುವವರು? ಪದರ ಸವೆದಾಗ ಅದು ಎಲ್ಲಿಗೆ ಹೋಗುತ್ತದೆ? ಮೂವತ್ತು ವರ್ಷಗಳ ನಂತರ ಕೆರೆದು ತೆಗೆಯುವವರ ಕೈಗೆ ಏನು ಸಿಗುತ್ತದೆ? ಪಾಲಿಯುರಿಥೇನನ್ನು ಗಟ್ಟಿಗೊಳಿಸುವ ಐಸೊಸಯನೇಟ್ ಎಂಬ ಘಟಕ ಸ್ಪ್ರೇ ಮಾಡುವವರಲ್ಲಿ ಆಸ್ತಮಾ ಉಂಟುಮಾಡಬಲ್ಲದು. ಒಣಗಿದ ಮೇಲೆ ಪದರ ನಿರುಪದ್ರವಿ ಎಂಬ ಸಮಾಧಾನ ಆ ಮನುಷ್ಯನ ಶ್ವಾಸಕೋಶಕ್ಕೆ ಅನ್ವಯಿಸುವುದಿಲ್ಲ. ಅವನಿಗೆ ಗಾಳಿ ಪೂರೈಸುವ ಮುಖವಾಡ ಬೇಕು, ಅದನ್ನು ಮಾಹಿತಿ ಹಾಳೆಯ ಮೊದಲ ಪುಟದಲ್ಲೇ ಬರೆಯಬೇಕು.

ಉಪನ್ಯಾಸ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬರು, ‘ಈ ಕ್ಷೇತ್ರದಲ್ಲಿ ಬಿಡಿಸಬೇಕಾದ ಸಮಸ್ಯೆ ಇನ್ನೂ ಉಳಿದಿದೆಯೇ, ಏನು ಓದಿಕೊಂಡು ಬರಬೇಕು?’ ಎಂದು ಕೇಳಿದರು. ಅಲ್ಲಿ ಕೊಟ್ಟ ಉತ್ತರವನ್ನು ಇಲ್ಲೂ ಸೇರಿಸುತ್ತೇನೆ. ಪಾಲಿಮರ್, ಕಲಿಲ (ಕೊಲಾಯ್ಡ್) ಮತ್ತು ವಿದ್ಯುತ್ ರಸಾಯನಶಾಸ್ತ್ರ, ಈ ಮೂರು ಚೆನ್ನಾಗಿ ಬರಬೇಕು. ರಜೆಯಲ್ಲಿ ಪೇಂಟ್ ಹಚ್ಚುವವರ ಜೊತೆ ಕೆಲಸ ಮಾಡಬೇಕು. ಸಮಸ್ಯೆ ಬೇಕೆಂದರೆ ವಿಮಾನದ ಪ್ರೈಮರನ್ನು ನೋಡಿ. ಅಲ್ಯೂಮಿನಿಯಂ ಮಿಶ್ರಲೋಹದ ಮೇಲೆ ಗೀರು ಬಿದ್ದರೆ ಪ್ರೈಮರಿನಲ್ಲಿರುವ ಸ್ಟ್ರಾನ್ಷಿಯಂ ಕ್ರೋಮೇಟ್ ತೇವದಲ್ಲಿ ಕರಗಿ, ಗೀರಿನವರೆಗೆ ಹರಿದು, ಅಲ್ಲಿ ಹೊಸ ರಕ್ಷಣೆ ಕಟ್ಟುತ್ತದೆ. ಆ ಕೆಲಸ ಮಾಡುವ ಷಡ್ವೇಲೆನ್ಸಿ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಐರೋಪ್ಯ ಒಕ್ಕೂಟದಲ್ಲಿ ಅದರ ಬಳಕೆಗೆ ವಿಶೇಷ ಅನುಮತಿ ಬೇಕು. ಸೇತುವೆಯ ಉಕ್ಕಿಗೆ ಸತುವಿನ ಫಾಸ್ಫೇಟ್ ಅದರ ಜಾಗ ತುಂಬಿತು. ವಿಮಾನದಲ್ಲಿ ಲಿಥಿಯಂ ಲವಣಗಳು ಭರವಸೆ ಹುಟ್ಟಿಸಿವೆ, ಆದರೆ ಎಲ್ಲ ಮಿಶ್ರಲೋಹಗಳಲ್ಲಿ, ಎಲ್ಲ ಸಂದುಗೊಂದುಗಳಲ್ಲಿ ಕ್ರೋಮೇಟಿನಷ್ಟೇ ಕಾಲ ಕಾಯುತ್ತವೆಂದು ಸಾಬೀತಾಗಬೇಕಿದೆ. ಆ ಪುಡಿಯನ್ನು ಸುರಿಯುವ, ಆ ಪದರವನ್ನು ಉಜ್ಜಿ ತೆಗೆಯುವ ಕೆಲಸಗಾರರು ಇಂದೂ ಕ್ರೋಮೇಟಿನ ಧೂಳಿನ ನಡುವೆಯೇ ದುಡಿಯುತ್ತಿದ್ದಾರೆ. ಈ ಸಮಸ್ಯೆಯನ್ನು ಬಿಡಿಸುವವರಿಗೆ ಮೊದಲ ಹತ್ತು ವರ್ಷ ಫಲಕಗಳನ್ನು ಓದುವುದರಲ್ಲೇ ಕಳೆಯಬಹುದು ಎಂದೂ ಅವರಿಗೆ ಹೇಳಿದೆ. ಅವರು ನೋಟ್‌ಬುಕ್ ತೆರೆದು ಲಿಥಿಯಂ ಲವಣಗಳ ಬಗ್ಗೆ ಇನ್ನೂ ಎರಡು ಪ್ರಶ್ನೆ ಕೇಳಿದರು.